ಕೋಳಿಗೆ ಹಿಮ, ಡ್ರೈವರಿಗೆ ಬೆಂಕಿ

ಬೆಳಗಿನ ನಮಾಜು ಮುಗಿದಿದೆ, ಸೂರ್ಯ ಇನ್ನೂ ಹುಟ್ಟಿಲ್ಲ. ಮಆನ್ ಊರಿನ ಹೊರಗೆ, ಅಕಾಬಾ ಬಂದರಿನಿಂದ ಅಮ್ಮಾನಿಗೆ ಹೋಗುವ ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಲಾರಿಯೊಂದರ ಕ್ಯಾಬಿನ್ ಮುಂದಕ್ಕೆ ಬಾಗಿ ನಿಂತಿದೆ. ಬಯಲಾದ ಇಂಜಿನ್ನಿನ ಮೇಲೆ ಬಗ್ಗಿರುವವರು ಮುಫ್ಲಿಹ್. ಊರಿಗೆಲ್ಲ ಅವರು ಅಬು ಫವಾಜ್. ಕೊನೆಯ ಬೋಲ್ಟು ಬಿಚ್ಚಿ ಏಸಿಯ ಕಂಪ್ರೆಸರನ್ನು ಎತ್ತಿ ಹೊರಗಿಡುತ್ತಾರೆ. ಬಿಸಿಲೇರಿದರೆ ಈ ಕಬ್ಬಿಣವನ್ನು ಮುಟ್ಟುವ ಹಾಗಿಲ್ಲ, ಅದಕ್ಕೇ ಈ ಅವಸರ.

ಕಂಪ್ರೆಸರನ್ನು ಬೋರಲು ಹಾಕಿ ಒಳಗಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ. ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತದೆ.

"ತನ್ನನ್ನ ತಾನೇ ಅರೆದುಕೊಂಡು ಸತ್ತಿದೆ ಕಣೋ ಇದು. ಯಾವತ್ತಿಂದ ಕಿರುಚ್ತಿತ್ತು?"

"ರಂಜಾನ್ ತಿಂಗಳಿಂದ, ಚಿಕ್ಕಪ್ಪ," ಎನ್ನುತ್ತಾನೆ ಚಹಾ ಹಿಡಿದು ನಿಂತ ಡ್ರೈವರ್ ದೈಫಲ್ಲಾ.

"ಹೇಳೋಕೇನು ಧಾಡಿ ಬಡಿದಿತ್ತು ನಿಂಗೆ?"

"ಹೇಳ್ದೆ. ಕಿಟಕಿ ತೆಗೆದು ಓಡ್ಸು ಅಂದ್ರು ಕಂಪನಿಯವರು."

ದೈಫಲ್ಲಾನ ಲಾರಿಯ ಹಿಂದಿರುವುದು ಶೀತಲ ಪೆಟ್ಟಿಗೆ. ಬಂದರಿಗೆ ಬಂದಿಳಿದ ಹೆಪ್ಪುಗಟ್ಟಿದ ಕೋಳಿ ಅದರಲ್ಲಿ ಪ್ರಯಾಣ ಮಾಡುತ್ತದೆ. ಆ ಪೆಟ್ಟಿಗೆಯ ತಂಪು ಒಂದು ಗೆರೆ ಕಡಿಮೆಯಾದರೆ ಸಾಕು, ಕಂಪನಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ, ರಿಪೇರಿಯವರು ಕಾರಿನಲ್ಲಿ ಓಡಿ ಬರುತ್ತಾರೆ. ಮುಂದೆ ಕೂತ ಮನುಷ್ಯ ಬೇಸಿಗೆಯಿಡೀ ಬೆಂದರೂ ಯಾರ ಫೋನೂ ಸದ್ದು ಮಾಡುವುದಿಲ್ಲ. ಸತ್ತ ಕೋಳಿಗೆ ಇರುವ ಬೆಲೆ ಬದುಕಿರುವ ಡ್ರೈವರಿಗೆ ಇಲ್ಲ. ಇದನ್ನು ನಯವಾಗಿ ಹೇಳುವ ದಾರಿ ಇಲ್ಲ, ಹೇಳಲೂ ಬಾರದು.

ಅಬು ಫವಾಜ್‌ಗೆ ಇದು ಕೇಳಿ ತಿಳಿದ ಸಂಗತಿಯಲ್ಲ. ಹರೆಯದಲ್ಲಿ ಅವರೂ ಬಾಗ್ದಾದಿನ ದಾರಿಯಲ್ಲಿ ಲಾರಿ ಓಡಿಸಿದವರು, ಕುತ್ತಿಗೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು. ದಾರಿಯಲ್ಲಿ ನಿಲ್ಲಿಸಿದರೆ ಬೈಗುಳ, ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಒಂದು ಮೂತ್ರಪಿಂಡ ಕೈಕೊಟ್ಟಿತು. ಡಾಕ್ಟರು ಬಿಸಿಲಿಗೆ ಹೋಗಬೇಡಿ ಎಂದರು. ಇವರು ಆರಿಸಿಕೊಂಡದ್ದು, ಇದೇ ಬಿಸಿಲಿನಲ್ಲಿ ನಿಂತು ಬೇರೆಯವರ ಕ್ಯಾಬಿನ್ನು ತಂಪು ಮಾಡುವ ಕೆಲಸ.

"ಡಾಕ್ಟರಿಗೇನು ಗೊತ್ತು, ಅವರ ಕೋಣೆ ತಂಪಾಗಿತ್ತು," ಎಂದು ನಗುತ್ತಾರೆ.

ಕೆಲಸದಲ್ಲಿ ಮಾತ್ರ ನಗುವಿಲ್ಲ. ಅವಸರದವರು ಹಳೆಯ ಕಂಪ್ರೆಸರ್ ತೆಗೆದು ಹೊಸದನ್ನು ಬಿಗಿದು ಕಳಿಸಿಬಿಡುತ್ತಾರೆ. ಪೈಪುಗಳಲ್ಲಿ ಉಳಿದ ಲೋಹದ ಪುಡಿ ಹೊಸದನ್ನೂ ತಿಂದುಹಾಕುತ್ತದೆ. ಅಬು ಫವಾಜ್ ಪ್ರತಿ ಪೈಪನ್ನೂ ತೊಳೆದು, ತೇವ ಹೀರುವ ಡಬ್ಬಿಯನ್ನು ಬದಲಿಸಿ, ಒಳಗಿನ ಗಾಳಿ ಪೂರ್ತಿ ಹೊರಗೆಳೆದ ಮೇಲೆಯೇ ಗ್ಯಾಸು ತುಂಬುವುದು. ದಿನಕ್ಕೆ ಎರಡು ಲಾರಿ ಮುಗಿದರೆ ದೊಡ್ಡದು.

ಇದಕ್ಕಿಂತ ಅಗ್ಗದ ದಾರಿಯೊಂದು ಈ ರಸ್ತೆಯಲ್ಲಿ ಚಾಲ್ತಿಯಲ್ಲಿದೆ. ಕಂಪ್ರೆಸರನ್ನು ಕಿತ್ತೆಸೆದು, ಅದನ್ನೂ ಸುತ್ತಿ ಬರುವ ಉದ್ದದ ಬೆಲ್ಟಿನ ಬದಲು ಗಿಡ್ಡ ಬೆಲ್ಟು ಹಾಕುವುದು. ಲಾರಿ ಓಡುತ್ತದೆ, ಡೀಸೆಲ್ಲೂ ಉಳಿಯುತ್ತದೆ, ಏಸಿ ಎಂಬುದು ಇನ್ನು ಮುಂದೆ ಇಲ್ಲ. ಅಬು ಫವಾಜರ ಶೆಡ್ಡಿನಲ್ಲಿ ಗಿಡ್ಡ ಬೆಲ್ಟು ಸಿಗುವುದಿಲ್ಲ.

ಅದನ್ನೇ ಕೇಳಲು ನಡುಮಧ್ಯಾಹ್ನ ಕಂಪನಿಯ ಮ್ಯಾನೇಜರ್ ರಾಫತ್ ಬರುತ್ತಾರೆ, ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು. ಅಬು ಫವಾಜ್ ಕೈ ತೊಳೆದು ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿ ಕೊಡುತ್ತಾರೆ. ರಾಫತ್ ಕುಡಿಯುವುದಿಲ್ಲ. ಬಟ್ಟಲನ್ನು ಸಾಮಾನಿನ ಪೆಟ್ಟಿಗೆಯ ಮೇಲೆ ಇಟ್ಟುಬಿಡುತ್ತಾರೆ.

ಕೋರಿಕೆ ಹೊತ್ತು ಬಂದವರು ಹೀಗೆ ಬಟ್ಟಲು ಕೆಳಗಿಡುತ್ತಾರೆ. ಮನೆಯವನು "ಕುಡಿಯಿರಿ" ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಕಾಫಿ ಹಾಗೇ ಆರಿಹೋದರೆ ಮನೆಯವನ ಮಾನ ಹೋದ ಹಾಗೆ. ಹೆಣ್ಣು ಕೇಳಲು, ಕೊಲೆಯ ದ್ವೇಷ ತಣಿಸಲು ಹಿರಿಯರು ಉಳಿಸಿಕೊಂಡ ಪದ್ಧತಿ ಇದು. ಈ ಮನುಷ್ಯ ಅದನ್ನು ಒಂದು ಗಿಡ್ಡ ಬೆಲ್ಟಿಗಾಗಿ ಬಳಸುತ್ತಿದ್ದಾರೆ!

"ಗಿಡ್ಡ ಬೆಲ್ಟು ಹಾಕಿಕೊಡಿ, ಅಬು ಫವಾಜ್. ಇವತ್ತೇ ಗಾಡಿ ಹೊರಡಬೇಕು. ನಮ್ಮ ಅಷ್ಟೂ ಲಾರಿಗಳ ಕೆಲಸ ನಿಮಗೇ."

ದೈಫಲ್ಲಾ ನೆಲ ನೋಡುತ್ತಾನೆ. ಈ ಬೇಸಿಗೆ ಅವನು ಹೇಗೆ ಕಳೆಯಬೇಕು ಎಂಬುದು ಆ ಬಟ್ಟಲಿನಲ್ಲಿದೆ. ಅಬು ಫವಾಜ್ ಬಟ್ಟಲನ್ನೆತ್ತಿಕೊಂಡು ಹೊರಗೆ ನಡೆಯುತ್ತಾರೆ. ಕ್ಯಾಬಿನ್ ಕೆಳಗಿಳಿಸಿ ಶೆಡ್ಡಿನಿಂದ ಹೊರಗೆ ತಂದಿದ್ದ ಲಾರಿ ಬಿಸಿಲಿನಲ್ಲಿ ಕಾದು ನಿಂತಿದೆ. ಮೆಟ್ಟಿಲು ಹತ್ತಿ, ಬಟ್ಟಲನ್ನು ಸ್ಟೀರಿಂಗಿನ ಮುಂದಿಟ್ಟು ಇಳಿದು ಬರುತ್ತಾರೆ.

"ಕುಡಿಯಿರಿ, ಸಾಹೇಬ್ರೇ. ನಿಮ್ಮ ಮಾತು ನಡೆಸಿಕೊಡ್ತೀನಿ. ಆದ್ರೆ ಅಲ್ಲಿ ಕೂತು ಕುಡೀಬೇಕು. ಕಿಟಕಿ ತೆರೆದೇ ಇದೆ, ನಿಮ್ಮ ಕಂಪನಿಯ ಏಸಿ ಅದೇ ಅಲ್ವಾ?"

ಪಕ್ಕದ ಟಯರ್ ಅಂಗಡಿಯವರು ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಹತ್ತದಿದ್ದರೆ, ಬಟ್ಟಲು ಇಟ್ಟವನೇ ಕುಡಿಯಲು ಹೆದರಿದ ಎಂಬ ಸುದ್ದಿ ಸಂಜೆಯೊಳಗೆ ಅಮ್ಮಾನ್ ಮುಟ್ಟುತ್ತದೆ. ರಾಫತ್ ಹತ್ತುತ್ತಾರೆ. ಸೀಟಿನ ಬಿಸಿಗೆ ಒಮ್ಮೆ ಎದ್ದು ಮತ್ತೆ ಕೂರುತ್ತಾರೆ. ಕಿಟಕಿಯಿಂದ ಮರಳುಗಾಡಿನ ಗಾಳಿ ನುಗ್ಗುತ್ತದೆ, ಒಲೆಯ ಬಾಯಿ ತೆರೆದ ಹಾಗೆ.

"ಅವಸರ ಮಾಡಬೇಡಿ," ಎನ್ನುತ್ತಾರೆ ಕೆಳಗೆ ನಿಂತ ಅಬು ಫವಾಜ್. "ಅವನು ಅಮ್ಮಾನಿನ ತನಕ ಕೂರ್ತಾನೆ. ಕಾಫಿ ಮುಗಿಯೋ ತನಕ ಕೂರೋಕೆ ನಿಮಗೇನು ಕಷ್ಟ?"

ರಾಫತರ ಅಂಗಿ ಬೆನ್ನಿಗೆ ಅಂಟುತ್ತದೆ. ಬಟ್ಟಲನ್ನು ತುಟಿಯವರೆಗೆ ತಂದು, ಹಾಗೇ ಇಟ್ಟು, ಬಾಗಿಲು ನೂಕಿ ಇಳಿಯುತ್ತಾರೆ. ಮೊದಲು ನೀರು ಕೇಳುತ್ತಾರೆ. ದೈಫಲ್ಲಾನೇ ತಂದುಕೊಡುತ್ತಾನೆ.

"ಕಂಪ್ರೆಸರೇ ಹಾಕಿ," ಎನ್ನುತ್ತಾರೆ ಕೊನೆಗೆ, ಯಾರ ಮುಖವನ್ನೂ ನೋಡದೆ. "ಇದೊಂದೇ ಗಾಡಿಗೆ. ಇನ್ಮೇಲೆ ನಮ್ಮ ಲಾರಿ ನಿಮ್ಮ ಬಾಗಿಲಿಗೆ ಬರೋದಿಲ್ಲ. ಗಿಡ್ಡ ಬೆಲ್ಟು ಹಾಕೋರು ಈ ಊರಲ್ಲಿ ಬೇಕಾದಷ್ಟಿದ್ದಾರೆ."

ಇದ್ದಾರೆ, ಹೌದು. ಸೆಕೆ ಎಂದರೇನು ಎಂದು ಈಗಷ್ಟೇ ಬೆನ್ನ ಮೇಲೆ ಬರೆಸಿಕೊಂಡವರ ಮಾತು ಇದು! ತಿಳಿದ ಮೇಲೂ ಹೀಗನ್ನುವವರಿಗೆ ಏನೆನ್ನಬೇಕು? ಅಬು ಫವಾಜ್ ಕೆಲಸಕ್ಕೆ ಹಿಂದಿರುಗುತ್ತಾರೆ.

ಸಂಜೆ ಲಾರಿ ಹೊರಡುತ್ತದೆ. ದೈಫಲ್ಲಾ ಗ್ಲಾಸು ಇಳಿಸಿ ಕೈಬೀಸುತ್ತಾನೆ.

"ಏಯ್, ಕೈ ಒಳಗೆ ಹಾಕೋ! ತಂಪೆಲ್ಲ ಹೊರಗೆ ಹೋಗ್ತಿದೆ. ಗ್ಲಾಸು ಏರ್ಸು!"

ಗ್ಲಾಸು ಏರುತ್ತದೆ. ಅಬು ಫವಾಜ್ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತು ರಸ್ತೆ ನೋಡುತ್ತಾರೆ. ಹಾದುಹೋಗುವ ಲಾರಿಯ ಗ್ಲಾಸು ಇಳಿದಿದ್ದರೆ ಏಸಿ ಸತ್ತಿದೆ ಎಂದರ್ಥ. ಇನ್ನೇನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಆ ರಸ್ತೆಯನ್ನೇ ತೋರಿಸುತ್ತಾರೆ.

"ಆಗಸ್ಟಿನ ಒಂದು ಮಧ್ಯಾಹ್ನ ಇಲ್ಲಿ ಕೂತಾಗ ಒಂದು ಲಾರಿಯ ಗ್ಲಾಸೂ ಇಳಿದಿರಬಾರದು. ಅವತ್ತು ಅಂಗಡಿ ಮುಚ್ಚಿ ಮನೆಗೆ ಹೋಗ್ತೀನಿ."

ಅಷ್ಟರಲ್ಲಿ ಅದೇ ಕಂಪನಿಯ ಇನ್ನೊಂದು ಲಾರಿ ಬರುತ್ತದೆ. ಹಿಂದಿನ ಪೆಟ್ಟಿಗೆ ತಣ್ಣಗೆ ಗುನುಗುತ್ತಿದೆ. ಮುಂದೆ ಗ್ಲಾಸು ಪೂರ್ತಿ ಇಳಿದಿದೆ, ಡ್ರೈವರಿನ ತಲೆಯ ಮೇಲೆ ಒದ್ದೆ ಬಟ್ಟೆ. ಲಾರಿ ನಿಲ್ಲುವುದಿಲ್ಲ. ಶೆಡ್ಡಿನ ಕಡೆಗೆ ಒಮ್ಮೆ ಹಾರನ್ನು ಹೊಡೆದು ಹಾದುಹೋಗುತ್ತದೆ.

"ಬರ್ತಾನೆ," ಎಂದು ಅಬು ಫವಾಜ್ ಏಳುತ್ತಾರೆ. "ರಾತ್ರಿ, ಕಂಪನಿಗೆ ಗೊತ್ತಾಗದ ಹಾಗೆ ಬರ್ತಾನೆ. ಹಳೇ ಭಾಗಗಳಿಂದ ಒಂದು ಕಂಪ್ರೆಸರ್ ಜೋಡಿಸಿಟ್ಟಿದ್ದೀನಿ ಅವನಿಗೆ. ಅಲ್ಲೀತನಕ ಬಾಗಿಲು ಹಾಕಲ್ಲ."