ಬಾಡಿ ಸಿಕ್ಕಿತು

ಆಸ್ಯಮ್ಮನ ಬಾಯಲ್ಲಿ ಅದಕ್ಕೆ ಬಾಡಿ ಎಂದೇ ಹೆಸರು. ಉಳ್ಳಾಲದಲ್ಲಿ ಅವರ ತಾಯಿ, ಉಮ್ಮ, ಹಾಗೆ ಕರೆಯುತ್ತಿದ್ದರು, ಅಂಗಡಿಯವನೂ ಹಾಗೇ ಕರೆಯುತ್ತಿದ್ದ. ಕುಪ್ಪಸದೊಳಗೆ ತೊಡುವ ಆ ವಸ್ತುವಿಗೆ ಬ್ರಾ ಎಂಬ ಇನ್ನೊಂದು ಹೆಸರುಂಟೆಂದು ತಿಳಿದ ಮೇಲೂ ಆ ಮಾತು ಅವರ ನಾಲಿಗೆಗೆ ಬರಲಿಲ್ಲ. ಬಾಡಿ ಎನ್ನುವುದನ್ನೂ ಅವರು ಜೋರಾಗಿ ಹೇಳಿದವರಲ್ಲ. ಗಂಡ ಕಬೀರ್ ಎದುರಿಗಂತೂ ಮದುವೆಯಾದಂದಿನಿಂದ ಒಮ್ಮೆಯೂ ಇಲ್ಲ.

ಕಬೀರರ ಬಾಯಲ್ಲೂ ಅದೇ ಶಬ್ದ ಓಡಾಡುತ್ತಿತ್ತು, ಅರ್ಥ ಮಾತ್ರ ಬೇರೆ. ದೋಹಾದ ಅಲ್ ಅಜೀಜಿಯಾದಲ್ಲಿ ಅವರದ್ದೊಂದು ದಿನಸಿ ಅಂಗಡಿ. ಅಂಗಡಿಗಿಂತ ಹೆಚ್ಚು ಅವರು ಅಲೆದದ್ದು ಆಸ್ಪತ್ರೆಯ ಶವಾಗಾರಕ್ಕೆ. ನಮ್ಮ ಕಡೆಯವರು ಯಾರಾದರೂ ಕತಾರಿನಲ್ಲಿ ತೀರಿಕೊಂಡರೆ ಜೊತೆಗಾರ ಮೊಯ್ದಿನ್ ಕುಂಞಿಯೊಡನೆ ಸಹಿ, ಮೊಹರು, ವಿಮಾನ ಎಲ್ಲ ನೋಡಿಕೊಂಡು ಶವವನ್ನು ಊರಿಗೆ ಮುಟ್ಟಿಸುವ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದರು. "ಇವತ್ತು ಬಾಡಿ ಸಿಕ್ಕಿತು, ನಾಳೆ ಫ್ಲೈಟಿಗೆ ಹೋಗ್ತದೆ" ಎನ್ನುತ್ತ ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಷ್ಟು ರೂಢಿಯಾಗಿತ್ತು. ಒಂದೇ ಮನೆಯಲ್ಲಿ ಆ ಎರಡು ಅರ್ಥಗಳು ಇಷ್ಟು ವರ್ಷ ಮುಖಾಮುಖಿಯಾಗದೆ ಉಳಿದದ್ದೇ ದೊಡ್ಡದು.

ಆಸ್ಯಮ್ಮನ ಬಾಡಿಗಳು ಬರುತ್ತಿದ್ದದ್ದು ಊರಿನಿಂದ. ತಂಗಿ ಝೈನಬ ಅಂಗಡಿಗೆ ಹೋಗಿ "ದೊಡ್ಡದು ಕೊಡಿ" ಎನ್ನುತ್ತಿದ್ದಳು. ಅಲ್ಲಿ ದೊಡ್ಡದೆಂದರೆ ನಲವತ್ತನಾಲ್ಕು, ಅದಕ್ಕಿಂತ ಆಚೆ ಹೆಂಗಸರೇ ಇಲ್ಲ ಎಂಬಂತೆ. ಅದನ್ನು ನೈಟಿಯೊಳಗೆ ಸುತ್ತಿ, ಹಪ್ಪಳದ ಕಟ್ಟಿನ ಅಡಿಗೆ ತುರುಕಿ, ದೋಹಾಕ್ಕೆ ಹೊರಟ ಯಾರದೋ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದಳು. ಬೆನ್ನಿಗೆ ಅದು ಸಡಿಲ, ಎದೆಗೆ ಸಾಲದು, ಭಾರವೆಲ್ಲ ಭುಜದ ಮೇಲೆ. ಆಸ್ಯಮ್ಮ ಪಟ್ಟಿಯನ್ನು ಇನ್ನಷ್ಟು ಬಿಗಿದು, ಅಡಿಗೆ ಕರವಸ್ತ್ರ ಮಡಚಿಟ್ಟು ಸುಮ್ಮನಾಗುತ್ತಿದ್ದರು. ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದರು.

ಸುಮ್ಮನಿರಲಾಗದ್ದು ಮೊಮ್ಮಗಳು ಫಸೀಲಾ ಕೈಜಾರಿದ ದಿನ. ಅಲ್ ವುಕೈರ್‌ನ ತಮ್ಮ ಮನೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಾಗ ಆಸ್ಯಮ್ಮನ ಬಲಗೈ ಬೆರಳುಗಳು ಇದ್ದಕ್ಕಿದ್ದಂತೆ ಮರಗಟ್ಟಿದವು. ಮಗು ಸೋಫಾದ ಮೇಲೆ ಬಿದ್ದದ್ದರಿಂದ ಬಚಾವಾಯಿತು. ಸೊಸೆ ನಹ್ಲಾ ಬೈಯಲಿಲ್ಲ. ಆದರೆ ಅಂದಿನಿಂದ ಅತ್ತೆ ಕೈಚಾಚಿದಾಗಲೆಲ್ಲ "ಇರ್ಲಿ ಉಮ್ಮ, ನಾನೇ ಹಿಡ್ಕೊಳ್ತೇನೆ" ಎನ್ನತೊಡಗಿದಳು. ಬೈದಿದ್ದರೆ ಆಸ್ಯಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಲಕ್ವ ಹೊಡೆಯುವ ಮುನ್ಸೂಚನೆಯೇ ಇದು, ಇನ್ನು ಆ ಮಗುವನ್ನು ಎತ್ತುವ ಭಾಗ್ಯ ತನಗಿಲ್ಲ ಎಂದು ಅಡುಗೆಮನೆಯಲ್ಲಿ ಒಬ್ಬರೇ ಕಣ್ಣೊರೆಸಿಕೊಂಡರು.

ನಹ್ಲಾಳೇ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಭುಜ ನೋಡಿದ್ದೇ ಆ ಡಾಕ್ಟರಮ್ಮ ಬೆಚ್ಚಿಬಿದ್ದರು. ಎರಡೂ ಕಡೆ ಬೆರಳು ಮಲಗಿಸುವಷ್ಟು ಆಳದ ಕುಳಿ, ಸುತ್ತ ಕಪ್ಪುಗಟ್ಟಿದ ಚರ್ಮ. ಪಟ್ಟಿ ನರವನ್ನು ಒತ್ತುತ್ತಿರಬಹುದು, ಮೊದಲು ಅಳತೆಗೆ ಸರಿಯಾದದ್ದು ಹಾಕಿ, ಆಮೇಲೂ ಕೈ ಸರಿಹೋಗದಿದ್ದರೆ ಸ್ಕ್ಯಾನ್ ಮಾಡೋಣ ಎಂದರು. ಆಸ್ಯಮ್ಮ ದಂಗಾದರು. ಒಂದು ತುಂಡು ಬಟ್ಟೆ ಮನುಷ್ಯರ ಕೈಯನ್ನೇ ಕಸಿದುಕೊಳ್ಳುವುದುಂಟೇ?

ಮರುದಿನ ಕಬೀರರು ಎಲ್ಲಿಗೆಂದು ಕೇಳಿದಾಗ ಆಸ್ಯಮ್ಮ ಸೊಸೆಯ ಕೈ ಚಿವುಟಿ, "ಪುನಃ ಡಾಕ್ಟರಲ್ಲಿಗೆ" ಎಂದುಬಿಟ್ಟರು. ಕಬೀರರು ಅವರನ್ನು ಮಾಲಿನ ಪಕ್ಕದ ಕ್ಲಿನಿಕ್ಕಿನ ಎದುರು ಇಳಿಸಿ, ಮುಗಿದ ಮೇಲೆ ಫೋನ್ ಮಾಡಲು ಹೇಳಿ ಅಂಗಡಿಗೆ ಹೋದರು.

ಮಾಲಿನ ಮೊದಲ ಅಂಗಡಿಯ ಹುಡುಗಿ ಆಸ್ಯಮ್ಮನ ಎದೆಯನ್ನು ನೋಡಿಯೇ "ಮಾಫಿ" ಎಂದಳು. ಇಲ್ಲವಂತೆ, ಅಳತೆ ಟೇಪು ಹೊರಗೆ ತೆಗೆಯುವ ಮೊದಲೇ ಇಲ್ಲವಂತೆ! ಎರಡನೆಯದರಲ್ಲಿ ಎದೆಯ ಕಪ್ಪಿನ ಅಳತೆ ಡಿ ಅಕ್ಷರಕ್ಕೆ ಮುಗಿದಿತ್ತು. ಕೊನೆಗೆ ಮೂಲೆಯಲ್ಲೊಂದು ಲೆಬನಾನಿನ ಹೆಂಗಸಿನ ಅಂಗಡಿ ಸಿಕ್ಕಿತು. ಆಕೆ ಹೇಳಿದ್ದನ್ನು ನಹ್ಲಾ ತಿಳಿಸಿದಾಗ ಆಸ್ಯಮ್ಮನಿಗೆ ನಂಬಿಕೆಯೇ ಬರಲಿಲ್ಲ.

"ನಲವತ್ನಾಲ್ಕು ಅಲ್ಲ ಉಮ್ಮ. ಬೆನ್ನಿಗೆ ತರ್ಟಿ ಎಯ್ಟ್. ಎದೆಯ ಕಪ್ ಮಾತ್ರ ಜೆ."

"ಜೆಯಾ? ಎ ಬಿ ಸಿ ಡಿ ಎಲ್ಲ ದಾಟಿ ಜೆಯಾ? ಸುಮ್ನೆ ಇರು ಮಾರಾಯ್ತಿ, ಅಷ್ಟು ಉದ್ದ ಅಕ್ಷರಮಾಲೆ ನಾನು ಶಾಲೆಯಲ್ಲೂ ಕಲಿಯಲಿಲ್ಲ."

ಆದರೆ ಟ್ರಯಲ್ ರೂಮಿನಲ್ಲಿ ಅದನ್ನು ತೊಟ್ಟು ಕೊಂಡಿ ಸಿಕ್ಕಿಸಿದಾಗ ಆಸ್ಯಮ್ಮ ಎರಡೂ ಭುಜಗಳನ್ನು ಮುಟ್ಟಿ ನೋಡಿಕೊಂಡರು. ಭುಜದ ಮೇಲೆ ಏನೂ ಇರಲಿಲ್ಲ. ಅಂದರೆ ಪಟ್ಟಿ ಇತ್ತು, ಭಾರ ಇರಲಿಲ್ಲ. ತಲೆಯ ಮೇಲಿನ ಕೊಡವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಸುಖ ಬರುವ ಮೊದಲು ಅವರಿಗೆ ಸಿಟ್ಟು ಬಂತು. ಇದು ಇತ್ತು, ಈ ಊರಲ್ಲೇ ಇತ್ತು, ಇಷ್ಟು ವರ್ಷ ಯಾರೂ ಹೇಳಲಿಲ್ಲ, ತಾನೂ ಕೇಳಲಿಲ್ಲವಲ್ಲ ಎಂದು ಕನ್ನಡಿಯ ಎದುರೇ ಅತ್ತುಬಿಟ್ಟರು.

ಹೊರಗೆ ನಹ್ಲಾ ಮಗುವಿನ ಗಾಡಿ ತಳ್ಳುತ್ತ, ಖುಷಿಯಲ್ಲಿ ಮಾವನಿಗೆ ಒಂದು ವಾಯ್ಸ್ ಮೆಸೇಜು ಕಳಿಸಿದಳು. ದೋಹಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಮನೆಯ ಬ್ಯಾರಿ ಭಾಷೆಯೂ ಅರ್ಧ, ಕನ್ನಡವೂ ಅರ್ಧ, ನಡುವೆ ಮುಗಿಯಿತೆನ್ನಲು ಖಲಾಸ್, ಬೇಗ ಎನ್ನಲು ಯಲ್ಲಾ ಎಂಬ ಅರಬ್ಬಿ. ಸುಳ್ಳು ಹೇಳಿ ಬಂದದ್ದನ್ನೂ ಮರೆತಿದ್ದಳು. ಬ್ರಾ ಎಂದರೆ ಮಾವನಿಗೆ ಇರುಸುಮುರುಸಾದೀತೆಂದು ಅತ್ತೆಯ ಮರ್ಯಾದಸ್ಥ ಶಬ್ದವನ್ನೇ ಹುಡುಕಿ ಹಾಕಿದಳು.

"ಉಪ್ಪ, ಉಮ್ಮನ ಬಾಡಿ ಸಿಕ್ಕಿತು. ಖಲಾಸ್. ಯಲ್ಲಾ, ತಗೊಂಡು ಹೋಗ್ಲಿಕ್ಕೆ ಬನ್ನಿ."

ಅಂಗಡಿ ಯಾವುದೆಂದು ಲೊಕೇಶನ್ ಕಳಿಸಿ ಫೋನನ್ನು ಚೀಲಕ್ಕೆ ಹಾಕಿದಳು. ಮಾವನ ಕರೆಗೆ ಅದು ಒಳಗೆ ಬಡಿದುಕೊಂಡದ್ದು ಮಾಲಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಆಸ್ಯಮ್ಮ ಅಂಥವೇ ಇನ್ನೆರಡನ್ನು ತೊಟ್ಟು ನೋಡಿ, ಒಂದನ್ನು ಮೈಮೇಲೇ ಉಳಿಸಿಕೊಂಡು, ಮಿಕ್ಕವನ್ನು ನಹ್ಲಾಳ ಕೈಲಿ ಕಟ್ಟಿಸಿ, ಬುರ್ಖಾ ಸರಿಪಡಿಸಿಕೊಂಡು ಹೊರಬಂದಾಗ ಕಬೀರರು ಅಂಗಡಿಯ ಬಾಗಿಲಲ್ಲಿದ್ದರು. ಕಾಲಿಗೆ ಚಪ್ಪಲಿಯಿಲ್ಲ. ಶರ್ಟಿನ ತುಂಬ ಮೈದಾಹಿಟ್ಟು. ಗೊಂಬೆಗಳಿಗೆ ತೊಡಿಸಿದ್ದ ಲೇಸಿನ ಒಳ ಉಡುಪುಗಳ ನಡುವೆ ನಿಂತು "ಎಲ್ಲಿಟ್ಟಿದ್ದಾರೆ? ಎಲ್ಲಿ ಮಲಗಿಸಿದ್ದಾರೆ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಹೆಂಡತಿ ಕಣ್ಣಿಗೆ ಬಿದ್ದದ್ದೇ ಗೋಡೆಗೊರಗಿ ನೆಲಕ್ಕೆ ಕುಸಿದರು.

"ನೀನು ನಿಂತಿದ್ದೀಯಲ್ಲ," ಎಂದರು. "ಬಾಡಿ ಸಿಕ್ಕಿತು ಅಂದಳು. ಮೊಯ್ದಿನ್ ಕುಂಞಿಗೆ ಫೋನ್ ಮಾಡಿ ಪೇಪರ್ ರೆಡಿ ಮಾಡ್ಲಿಕ್ಕೆ ಹೇಳಿಯಾಯ್ತು. ನಿನ್ನ ಹೆಸರು ಬರೆಸಿದೆ ಆಸ್ಯಾ, ನಿನ್ನ ಹೆಸರು!"

ಎಷ್ಟೋ ಮನೆಗಳಿಗೆ ಕಣ್ಣು ಒದ್ದೆ ಮಾಡಿಕೊಳ್ಳದೆ ಸಾವಿನ ಸುದ್ದಿ ಹೇಳಿದ ಮನುಷ್ಯ ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳತೊಡಗಿದರು. ಆಸ್ಯಮ್ಮನಿಗೆ ಸಿಡಿಲು ಬಡಿದಂತಾಯಿತು. ಗಂಡ ಅತ್ತದ್ದನ್ನು ಅವರು ನೋಡಿದ್ದು ಇದೇ ಮೊದಲು. ತನಗಾಗಿ ಈ ಮನುಷ್ಯ ಹೀಗೆ ಅಳಬಲ್ಲರು ಎಂಬುದು ಜೆ ಅಕ್ಷರಕ್ಕಿಂತ ದೊಡ್ಡ ಆಘಾತ. ನಹ್ಲಾ ಬಾಯಿಗೆ ಕೈ ಅಡ್ಡ ಹಿಡಿದು, ಚೀಲದಲ್ಲಿದ್ದ ಪೊಟ್ಟಣವನ್ನು ತೋರಿಸಿ, ಅರ್ಧ ಇಂಗ್ಲಿಷಿನಲ್ಲಿ ಭುಜದ ಕುಳಿ, ನರ, ಡಾಕ್ಟರು ಎಲ್ಲವನ್ನೂ ಒದರಿದಳು.

ಕಬೀರರು ಪೊಟ್ಟಣವನ್ನೂ ಹೆಂಡತಿಯನ್ನೂ ನೋಡಿದರು. "ಭುಜ ಅಷ್ಟು ನೋಯ್ತದೆ ಅಂತ ನನ್ನತ್ರ ಯಾಕೆ ಹೇಳಲಿಲ್ಲ?"

"ಯಾವ ಬಾಯಲ್ಲಿ ಹೇಳುದು?" ಆಸ್ಯಮ್ಮ ಮೊದಲ ಸಲ ಗಂಡನೆದುರು ಆ ಶಬ್ದ ಉಚ್ಚರಿಸಿದರು. "ಬಾಡಿ ಅಂದ್ರೆ ನಿಮಗೆ ಸತ್ತವರದ್ದು ಮಾತ್ರ ಅಲ್ವಾ?"

ಕಬೀರರು ಮತ್ತೆ ಅಳತೊಡಗಿದರು. ಅಜ್ಜನ ಅಳುವಿಗೆ ಹೆದರಿ ಫಸೀಲಾ ಕಿರುಚತೊಡಗಿದಳು. ನಹ್ಲಾ ಮಗುವನ್ನೆತ್ತಿ ಮಾವನಿಗೆ ಕೊಡಹೋದಳು, ಅವರು ಮುಖ ಮುಚ್ಚಿಕೊಂಡು ನೆಲದ ಮೇಲೇ ಕುಳಿತಿದ್ದರು. ಅವಳ ಕೈಯಲ್ಲೂ ಮಗು ಸುಮ್ಮನಾಗಲಿಲ್ಲ.

"ಇಲ್ಲಿ ಕೊಡು," ಎಂದರು ಆಸ್ಯಮ್ಮ.

ನಹ್ಲಾ ಒಂದು ಗಳಿಗೆ ಅನುಮಾನಿಸಿ ಕೊಟ್ಟಳು. ಆಸ್ಯಮ್ಮನ ಬೆರಳ ತುದಿಗಳು ಇನ್ನೂ ಜುಮುಜುಮು ಅನ್ನುತ್ತಿದ್ದವು. ಆದರೂ ಮಗುವಿನ ಬೆನ್ನಿನ ಬಿಸಿ ಅಂಗೈಗೆ ತಿಳಿಯಿತು. ಆಸ್ಯಮ್ಮ ಎರಡೂ ಕೈಗಳಿಂದ ಅವಚಿ ಹಿಡಿದು, ಕಾರಿನವರೆಗೂ ಯಾರಿಗೂ ಕೊಡದೆ ನಡೆದರು.