ಬಾಗಿಲ ಹಸು, ಬಯಲ ಹಸು

ಎಪ್ಪತ್ತರ ದಶಕದಲ್ಲಿ ನಮ್ಮ ಕತ್ರಿಗುಪ್ಪೆಯಲ್ಲಿ ಹಾಲಿನವನು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ಕೊಡುತ್ತಿದ್ದ. ಅವನು ನೀರು ಬೆರೆಸದಂತೆ ಕಾಯುವುದು ನನ್ನ ಕೆಲಸ. ಹಸುವಿಗೆ ಕಲಗಚ್ಚು ಕುಡಿಸುವುದು ಮೂರು ವರ್ಷದ ಮಗಳ ಕೆಲಸ; ಅಂದರೆ ಬಕೆಟ್ ಹಿಡಿಯುವುದು ನಾನು, ಅದರ ಕೊರಳು ಸವರುವುದು ಅವಳು. ಹಸು ಕಣ್ಣು ಮುಚ್ಚಿ ಸವರಿಸಿಕೊಳ್ಳುತ್ತಿತ್ತು. ಹಸುವಿನಂಥ ಹುಡುಗ ಎಂದು ಹೇಳಿ ನನ್ನನ್ನು ನಮ್ಮವರಿಗೆ ಮದುವೆ ಮಾಡಿಕೊಟ್ಟಿದ್ದರು. ನಿಜ ಹೇಳಬೇಕೆಂದರೆ ಹಸುವೇ ಹೆಚ್ಚು ಸಾಧು.

ಪ್ರತಿ ಶುಕ್ರವಾರ ಅದರ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಬಾಳೆಹಣ್ಣು ಕೊಡುವುದು ನಮ್ಮ ಮನೆಯ ಪದ್ಧತಿ. ಒಂದು ಶುಕ್ರವಾರ ಹಾಲಿನವನು ಏನೋ ಅವಸರವೆಂದು ಕ್ಯಾನಿನಲ್ಲಿ ಹಾಲಷ್ಟೇ ತಂದುಕೊಟ್ಟು ಹೋದ.

"ಪೂಜೆ ತಪ್ಪಿಸ್ಬಾರ್ದು. ಹಸು ಕೆರೆ ಹತ್ರ ಮೇಯ್ತಿರುತ್ತೆ, ಹೋಗ್ ಬಾ," ಎಂದರು ಅತ್ತೆ.

ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಗಳು. ಹೊಸಕೆರೆಹಳ್ಳಿ ಕೆರೆಯ ಬಯಲಿಗೆ ಹೋದೆ. ನಮ್ಮ ಹಸುವೇ, ಹಣೆಯ ಮೇಲೆ ಅದೇ ಬಿಳಿ ಮಚ್ಚೆ. ಮಗಳು ಕೈ ಕೊಸರಿಕೊಂಡು ಓಡಿದಳು. ಹಸು ತಲೆ ತಗ್ಗಿಸಿತು. ಸವರಿಸಿಕೊಳ್ಳಲು ಎಂದುಕೊಂಡೆ. ಅದು ಬುಸುಗುಟ್ಟಿ ಕಾಲು ಕೆರೆಯಿತು. ತಟ್ಟೆ ಬಿಸಾಡಿ ಓಡಿಹೋಗಿ ಮಗಳ ಮೇಲೆ ಬಿದ್ದೆ. ಕೊಂಬು ಸೀರೆ ಹರಿದು ನನ್ನ ಪಕ್ಕೆ ಗೀರಿತು. ಪಕ್ಕದ ಸೊಪ್ಪಿನ ತೋಟದವರು ಕೂಗುತ್ತ, ಕಲ್ಲು ಬೀಸುತ್ತ ಬಂದರು. ಮೊದಲ ಕಲ್ಲಿಗೇ ಹಸು ಓಟ ಕಿತ್ತಿತು, ದಿನಾ ಅಭ್ಯಾಸವಿದ್ದಂತೆ. ಆಗ ನನಗೆ ಅರ್ಥವಾಯಿತು: ಬಯಲಿನಲ್ಲಿ ಮನುಷ್ಯರು ಎದುರು ಬಂದರೆ ಅದಕ್ಕೆ ಕಲ್ಲೇಟು, ಬಾಗಿಲಲ್ಲಿ ಬಂದರೆ ಕಲಗಚ್ಚು. ಅದಕ್ಕೆ ಗೊತ್ತಿದ್ದದ್ದು ನಮ್ಮ ಬಾಗಿಲು ಮಾತ್ರ. ಬಾಗಿಲು ಬಿಟ್ಟರೆ ನಾವು ಯಾರೋ.

ಮರುದಿನ ಬೆಳಿಗ್ಗೆ ಅದೇ ಹಸು ಮನೆ ಮುಂದೆ ಕೊರಳು ಚಾಚಿ ನಿಂತಿತ್ತು. ಬೇಡವೆನ್ನುವಷ್ಟರಲ್ಲಿ ಮಗಳು ಮೆಟ್ಟಿಲಿಳಿದಿದ್ದಳು. ಹಸು ಅವಳ ಅಂಗೈ ನೆಕ್ಕಿತು.

"ಅಮ್ಮ, ಇವತ್ತು ಇದಕ್ಕೆ ಕೋಪ ಇಲ್ಲ," ಎಂದಳು.

ಅವಳನ್ನು ಒಳಗೆಳೆದುಕೊಂಡು ಚಿಲಕ ಹಾಕಿದೆ.

"ಅಮ್ಮಾವ್ರೇ, ಚೊಂಬು ಕೊಡಿ," ಎಂದು ಹಾಲಿನವನು ಹೊರಗಿನಿಂದ ಕರೆಯುತ್ತಲೇ ಇದ್ದ. ಮಗಳು ಚಿಲಕ ಎಟುಕದೆ ಅಳುತ್ತಿದ್ದಳು. ಯಾರನ್ನು ನಂಬಿ ಇವಳನ್ನು ಹೊರಗೆ ಬಿಡಲಿ ಎಂದು, ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.