ತುಬಚಿಯ ಕಲ್ಲಿನ ಕುರಿ

ಓದುವಾಗ ಮಾಸ್ತರರ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂಗು ತಾಗುವಷ್ಟು ಹತ್ತಿರ ಹಾಳೆ ಹಿಡಿದು, ಎಡಗಣ್ಣಿಂದಲೇ ಓದುವರು. ಬೇರೆಯವರ ಬರಹದಿಂದ ಎತ್ತಿದ ಸಾಲು ಸಿಕ್ಕರೆ ಅಡಿಕೆ ಅಗಿಯುವುದು ನಿಲ್ಲುತ್ತಿತ್ತು. ಅದು ನಿಂತಿತೆಂದರೆ ನನಗೆ ಹೆದರಿಕೆ.

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ಅವರು ನಮ್ಮ ಹೈಸ್ಕೂಲಿನ ಇತಿಹಾಸದ ಮಾಸ್ತರರು, ಶಾಲಾ ಮಂಡಳಿ ಹೊರಡಿಸುತ್ತಿದ್ದ ಸಂಶೋಧನ ತ್ರೈಮಾಸಿಕದ ಸಂಪಾದಕರು. ಹೊಸದಾಗಿ ಮಾಸ್ತರಿಕೆಗೆ ಸೇರಿದ್ದ ನಾನು ಕರಡು ತಿದ್ದುತ್ತಿದ್ದೆ. ಕದ್ದ ಲೇಖನ ಬಂದರೆ ಅವರದೊಂದು ಪದ್ಧತಿ. ಬರೆದವನನ್ನು ಮನೆಗೆ ಕರೆದು, ಅವನ ಲೇಖನವನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು, ಚಹಾ ತರುತ್ತೇನೆಂದು ಒಳಗೆ ಹೋಗಿಬಿಡುವರು. ಹೊರಗೆ ಬರುವಷ್ಟರಲ್ಲಿ ಲೇಖನವೂ ಇರುತ್ತಿರಲಿಲ್ಲ, ಆಸಾಮಿಯೂ ಇರುತ್ತಿರಲಿಲ್ಲ.

"ಮಾನ ಯಾಕ ಕಳೀಬೇಕು ತಮ್ಮಾ? ತಾನಾಗೇ ಒಯ್ದ್ರ ಆತು," ಎನ್ನುವರು. ನಾನಾಗಿದ್ದರೆ ಮಾನ ಹರಾಜು ಹಾಕುತ್ತಿದ್ದೆ.

ಒಂದು ಸಲ ಮಂಡಳಿಯ ಅಧ್ಯಕ್ಷರದೇ ಲೇಖನ ಬಂತು. ತುಬಚಿಯ ಬೀರೇಶ್ವರ ಗುಡಿಯ ಶಾಸನದ ಕಲ್ಲಿನಲ್ಲಿ ಆಕಳು-ಕರು ಕೆತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಬರೆದಿದ್ದರು. ಮಾಸ್ತರರ ದವಡೆ ನಿಂತಿತು. ಶಾಸನವೆಂದ ಮೇಲೆ ಆಕಳು-ಕರು ಇದ್ದೇ ಇರುತ್ತದೆಂದು ನಂಬಿ, ಸವೆದ ಕಲ್ಲು ನೋಡಿ ಹಾಗೆ ಮೊದಲು ಬರೆದವರು ಮಾಸ್ತರರೇ, ತಮ್ಮ ಹರೆಯದಲ್ಲಿ. ಆಮೇಲೆ ಅಲ್ಲಿಯ ಕುರಿಗಾರ ಹಿರಿಯನೊಬ್ಬ ಕಲ್ಲಿಗೆ ಬೀರಪ್ಪನ ಭಂಡಾರ ತಿಕ್ಕಿ ತೋರಿಸಿದ್ದನಂತೆ. ಅರಿಶಿನದಲ್ಲಿ ಎದ್ದು ಕಂಡದ್ದು ಕುರಿ, ಅದರ ಮರಿ. ತಿದ್ದಬೇಕೆಂದುಕೊಂಡದ್ದು ಹಾಗೇ ಉಳಿದುಹೋಗಿತ್ತು.

ಅಧ್ಯಕ್ಷರನ್ನೂ ಕರೆದರು. ಚಹಾ ಬಂದರೂ ಆಸಾಮಿ ಕುಳಿತೇ ಇದ್ದರು.

"ಆಕಳಾ ಕಂಡೀರೇನ್ರಿ?"

"ಕಂಡೇನ್ರಿ."

"ಅದು ಕುರಿ ಐತ್ರಿ. ಆಕಳಾ ಅಂತ ತಪ್ಪ ಬರದಾಂವ ನಾನು. ಆ ತಪ್ಪನ್ನೂ ಎತ್ತೀರಿ."

ಅಧ್ಯಕ್ಷರು ನಗುತ್ತಲೇ ಸುತ್ತ ನೋಡಿದರು. "ಮನಿ ಛಲೋ ಐತಿ. ನಮ್ಮ ಮಂಡಳೀದಲ್ಲ?"

"ಹೌದ್ರಿ."

"ನೆಪ್ಪಿರ್ಲಿ."

ಅಂದಿನಿಂದ ಶಾಲೆಯಲ್ಲಿ ಮಾಸ್ತರರ ಪಕ್ಕ ಯಾರೂ ಕೂರಲಿಲ್ಲ. ತ್ರೈಮಾಸಿಕ ಅಚ್ಚು ಹಾಕುತ್ತಿದ್ದ ಬನಹಟ್ಟಿಯ ಛಾಪಖಾನೆಯವನು ಕಣ್ಣು ತಪ್ಪಿಸತೊಡಗಿದ. "ಹಾಕಿಬಿಡ್ರಿ ಸರ್," ಎಂದೆ ನಾನೂ, ಹೆದರಿ.

"ಒಮ್ಮೆ ಗೊತ್ತಿಲ್ಲದ ತಪ್ಪ ಮಾಡೇನಿ. ಈಗ ಗೊತ್ತಿದ್ದೂ ಹ್ಯಾಂಗ ಮಾಡ್ಲಿ?"

ಲೇಖನ ಹಾಕಲಿಲ್ಲ. ಅದರ ಜಾಗದಲ್ಲಿ ತಮ್ಮ ಹಳೆಯ ತಪ್ಪನ್ನು ಒಪ್ಪಿಕೊಂಡು ನಾಲ್ಕು ಸಾಲು ಬರೆದರು. ಅಧ್ಯಕ್ಷರ ಹೆಸರೆತ್ತಲಿಲ್ಲ. ಆದರೂ ನೌಕರಿ ಹೋಯಿತು, ಮನೆಯೂ ಹೋಯಿತು.

ಹೊಸ ಸಂಪಾದಕರ ಮೊದಲ ಸಂಚಿಕೆಯಲ್ಲೇ ಆಕಳು-ಕರು ಅಚ್ಚಾಯಿತು. ಅದನ್ನು ಹಿಡಿದು ಬೀಳಗಿಗೆ, ಅವರ ಮಗಳ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. "ನನ್ನ ತಪ್ಪು ನನಗಿಂತ ಗಟ್ಟಿ ಐತಿ ನೋಡು," ಎಂದು ಸಂಚಿಕೆ ಮಗುಚಿಟ್ಟರು. ಆ ಬೇಸಿಗೆ ದಾಟಲಿಲ್ಲ.

ಈಗ ಅವರ ತರಗತಿ ನನಗೆ ಬಂದಿದೆ. ತುಬಚಿಯ ಕಲ್ಲಿನ ಮಾತು ಬಂದಾಗ ಕುರಿ ಎಂದೇ ಹೇಳುತ್ತೇನೆ; ಅವರ ಋಣ ತೀರಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ. ಅದು ಬೀಳಬೇಕಾದವರ ಕಿವಿಗೆ ಬಿದ್ದಿದೆ. ಇವತ್ತು ಸಂಜೆ ಬಂದು ಕಾಣಬೇಕೆಂದು ಅಧ್ಯಕ್ಷರು ಹೇಳಿ ಕಳಿಸಿದ್ದಾರೆ. ನಾವಿರುವುದೂ ಮಂಡಳಿಯ ಮನೆಯಲ್ಲೇ. ಒಳಗೆ ನನ್ನ ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಳೆ.